ತವರಿಗೆ ಬಂದ ತಾಯಿ ಎಷ್ಟು ದಿನ ಇರಬಹುದು?



ಬೀದರ ಸೀಮೆಯ ಯಾವ ಹಳ್ಳಿಗೇ ಹೋಗಲಿ, ಕೊಟ್ಟ ಮನೆಯಿಂದ ಮಗಳೊಬ್ಬಳು ಬಂದು ಬಸ್ಸಿಳಿದರೆ ಕಟ್ಟೆಯ ಮೇಲೆ ಕುಳಿತವರು ಕೇಳುವ ಮಾತು ಎರಡು. ಮೊದಲನೆಯದು, "ಯಾವಾಗ ಬಂದೆವ್ವಾ?" ಎರಡನೆಯದು, "ಎಷ್ಟು ದಿನ ಇರ್ತಿ?" ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇಲ್ಲ. ಪಂಚಮಿಗೆ ಬಂದವಳು "ಹಬ್ಬ ಮುಗಿಸಿಕೊಂಡು ಹೋಗ್ತೀನಿ" ಎನ್ನುತ್ತಾಳೆ. ಚೊಚ್ಚಲ ಹೆರಿಗೆಗೆ ಬಂದವಳ ಪರವಾಗಿ ಅವಳ ತಾಯಿ "ಕೂಸಿಗೆ ಐದು ತಿಂಗಳು ತುಂಬಲಿ" ಎಂದು ಉತ್ತರಿಸುತ್ತಾಳೆ. ಆದರೆ ಕಂಕುಳಲ್ಲಿ ಒಂದು ಮಗು, ಕೈ ಹಿಡಿದು ನಡೆಯುವ ಇನ್ನೊಂದು ಮಗು, ಹೆಗಲಿಗೊಂದು ಬಟ್ಟೆಯ ಗಂಟು ಹೊತ್ತು ಬಂದವಳಿಗೆ ಆ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಇವತ್ತಿನ ಮಾತು ಅವಳನ್ನು ಕುರಿತದ್ದು.

ಅಂಥವಳು ಬರುವುದಕ್ಕೆ ಕಾರಣಗಳು ಹಲವು. ಗಂಡ ತೀರಿಕೊಂಡಿರಬಹುದು. ಕುಡಿತ, ಹೊಡೆತ ತಾಳಲಾರದೆ ಅವಳೇ ಹೊರಬಿದ್ದಿರಬಹುದು. ದುಡಿಯಲು ಹೈದರಾಬಾದಿಗೋ ಮುಂಬಯಿಗೋ ಹೋದ ಗಂಡನಿಂದ ಸುದ್ದಿಯೇ ನಿಂತುಹೋಗಿರಬಹುದು. ಬಾಡಿಗೆ ಕಟ್ಟಲಾಗದೆ ಪಟ್ಟಣದ ಕೋಣೆ ಬಿಟ್ಟಿರಬಹುದು. ಕಾರಣ ಯಾವುದೇ ಇರಲಿ, ಪರಿಣಾಮ ಒಂದೇ: ಮಕ್ಕಳಿದ್ದಾರೆ, ಮನೆಯಿಲ್ಲ. ಒಂಟಿ ಗಂಡಸಿಗೆ ಗುಡಿಯ ಜಗಲಿಯಾದರೂ ಆದೀತು. ಮಕ್ಕಳೊಂದಿಗಿರುವ ತಾಯಿಗೆ ಬಾಗಿಲು, ಚಿಲಕ, ಒಲೆ, ನೀರು ನಾಲ್ಕೂ ಬೇಕು.

ಇಂಥ ತಾಯಂದಿರನ್ನು ದೊಡ್ಡ ಆಶ್ರಮಗಳಿಗೆ ಕಳಿಸುವ ಬದಲು, ಮನಸ್ಸುಳ್ಳ ಒಂದು ಕುಟುಂಬದ ಮನೆಯಲ್ಲಿ ಕೆಲವು ತಿಂಗಳ ಮಟ್ಟಿಗೆ ಇರಿಸುವ ಪದ್ಧತಿ ಈಗ ಹಲವು ದೇಶಗಳಲ್ಲಿ ಬೆಳೆಯುತ್ತಿದೆ. ಅದನ್ನು 'ಆಸರೆ ಮನೆ' ಎಂದು ಕರೆಯೋಣ. ಇದು ಹೊರಗಿನಿಂದ ಬಂದ ಹೊಸ ವಿಚಾರವೆಂದು ತೋರಬಹುದು. ಆದರೆ ಗಮನಿಸಿ ನೋಡಿದರೆ, ತವರುಮನೆ ಎಂಬುದು ಈ ನಾಡು ತಾಯಂದಿರಿಗಾಗಿ ಕಟ್ಟಿಕೊಂಡ ಅತ್ಯಂತ ಹಳೆಯ ಆಸರೆ ಮನೆ.

ಅದರ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರಿಗೂ ಗೊತ್ತು. ಕುಬಸ ಮಾಡಿ ಬಸುರಿ ಮಗಳನ್ನು ಕರೆತರುತ್ತಾರೆ. ಹೆರಿಗೆಯಾದ ಮೇಲೆ ಬಾಣಂತಿಗೆಂದೇ ಬೆಚ್ಚನೆಯ ಮೂಲೆಯೊಂದು ಮೀಸಲು. ಎರೆಯಲು ಬಿಸಿನೀರು, ತಿನ್ನಲು ಅಂಟಿನುಂಡಿ, ಕೂಸಿಗೆ ಲೋಬಾನದ ಹೊಗೆ. ಅವಳ ಕೈಯಿಂದ ಮನೆಗೆಲಸ ಮಾಡಿಸುವುದಿಲ್ಲ. ಮೂರೋ ಐದೋ ತಿಂಗಳು ಕಳೆದ ಮೇಲೆ ಉಡಿ ತುಂಬಿ, ಬುತ್ತಿ ಕಟ್ಟಿ, ತೊಟ್ಟಿಲಿನ ಸಮೇತ ಕಳಿಸಿಕೊಡುತ್ತಾರೆ. ಈ ರೂಢಿಯಲ್ಲಿ ನಾಲ್ಕು ಅಂಶಗಳಿವೆ. ಇರುವ ಅವಧಿ ಗೊತ್ತಿದೆ. ಅವಳದೇ ಎನ್ನುವ ಒಂದು ಜಾಗವಿದೆ. ಆಸರೆಗೆ ಬದಲಾಗಿ ದುಡಿಮೆ ಕೇಳುವುದಿಲ್ಲ. ಹೊರಡುವಾಗ ಕೈ ಬರಿದಾಗಿರುವುದಿಲ್ಲ. ಈ ನಾಲ್ಕೂ ಕೂಡಿದ್ದರಿಂದಲೇ ಬಾಣಂತನ ಯಾರಿಗೂ ಭಾರವೆನಿಸದೆ ತಲೆಮಾರುಗಳಿಂದ ನಡೆದುಬಂದಿದೆ.

ಅದೇ ಮಗಳು ಅದೇ ಮನೆಗೆ ಎರಡು ಮಕ್ಕಳೊಂದಿಗೆ, ಹಿಂದಿರುಗುವ ದಿನವಿಲ್ಲದೆ ಬಂದಾಗ ನಾಲ್ಕೂ ಅಂಶಗಳು ತಪ್ಪಿಹೋಗುತ್ತವೆ. ಮೊದಲ ವಾರ ಮನೆಯೆಲ್ಲ ಕಣ್ಣೀರು ಹಾಕುತ್ತದೆ. ತಿಂಗಳಾಗುವ ಹೊತ್ತಿಗೆ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕಸ ಗುಡಿಸುವವಳು ಅವಳಾಗಿರುತ್ತಾಳೆ. ಮಲಗುವ ಜಾಗ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಯ ಮೂಲೆಗೆ ಸರಿಯುತ್ತದೆ. ಅಣ್ಣನ ಮಕ್ಕಳಿಗೂ ಅವಳ ಮಕ್ಕಳಿಗೂ ಜಗಳವಾದರೆ ಸೋಲಬೇಕಾದವರು ಯಾರೆಂಬುದು ಮಕ್ಕಳಿಗೂ ತಿಳಿದಿರುತ್ತದೆ. ಇದಕ್ಕೆ ಅತ್ತಿಗೆಯನ್ನು ದೂರುವುದು ಸುಲಭ. ಜನಪದ ಕತೆಗಳು ಅವಳನ್ನು ಸಾಕಷ್ಟು ದೂರಿವೆ. ಆದರೆ ಎರಡು ಖಣದ ಮನೆ, ಒಬ್ಬನ ಕೂಲಿ, ತನ್ನವೇ ಮೂರು ಮಕ್ಕಳು ಇರುವ ಹೆಣ್ಣಿಗೆ ಇನ್ನೂ ಮೂರು ಬಾಯಿ ಸೇರಿದರೆ ಅವಳಾದರೂ ಏನು ಮಾಡಿಯಾಳು? ತಪ್ಪು ಒಬ್ಬರ ಸ್ವಭಾವದ್ದಲ್ಲ. ಅವಧಿಯಿಲ್ಲದ, ಕರಾರಿಲ್ಲದ ಆಸರೆಯ ಸ್ವಭಾವವೇ ಅಂಥದು. ಅದು ಅತಿಥಿಯನ್ನು ಮೆಲ್ಲಗೆ ಆಳನ್ನಾಗಿ ಮಾಡುತ್ತದೆ.

ಇಲ್ಲಿ ಇನ್ನೊಂದು ಸಂಗತಿಯಿದೆ; ಅದನ್ನು ಮನೆಗಳಲ್ಲಿ ಬಾಯಿಬಿಟ್ಟು ಆಡುವವರು ಕಡಿಮೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಅಕ್ಕತಂಗಿಯರನ್ನು ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುವುದುಂಟು. ಒಂದು ಸೀರೆ, ಅರಿಶಿನ ಕುಂಕುಮ, ಒಂದು ಊಟ. ಅವಳು ಏಕೆ ಸಹಿ ಮಾಡುತ್ತಾಳೆ? ಕಾನೂನು ಗೊತ್ತಿಲ್ಲದೆ ಅಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು, ಪಂಚಮಿಗೆ ಕರೆಯಲು ಅಣ್ಣ ಬಾರದೆ ಹೋದಾನು, ಮುಂದೆಂದಾದರೂ ಕಷ್ಟ ಬಂದರೆ ನಿಲ್ಲಲು ನೆಲೆ ತಪ್ಪೀತು ಎಂಬ ಅಂಜಿಕೆಯಿಂದ. ಅಂದರೆ ಮುಂದಿನ ಆಸರೆಯ ಬೆಲೆಯನ್ನು ಅವಳು ಮುಂಗಡವಾಗಿಯೇ ತೆತ್ತಿರುತ್ತಾಳೆ. ಕಷ್ಟ ಬಂದು ಬಾಗಿಲು ತಟ್ಟಿದಾಗ ಆ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಅವಳನ್ನು ಸಾಕುತ್ತಿದ್ದೇವೆ ಎನ್ನುವ ಮಾತು ಮಾತ್ರ ಕೇಳಿಬರುತ್ತದೆ.

ಕಾನೂನು ಕೂಡ ಬಹುಕಾಲ ಇದೇ ದೃಷ್ಟಿಯಲ್ಲಿ ನಡೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೆಯ ಕಲಮನ್ನು ನೋಡಬೇಕು. ತಂದೆಯ ವಾಸದ ಮನೆಯಲ್ಲಿ ಮಗಳಿಗೆ ಪಾಲಿದ್ದರೂ, ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ ಅವಳು ವಿಭಾಗ ಕೇಳುವಂತಿರಲಿಲ್ಲ. ಆ ಮನೆಯಲ್ಲಿ ವಾಸಿಸುವ ಹಕ್ಕು ಕೂಡ ಎಲ್ಲ ಮಗಳಂದಿರಿಗೆ ಇರಲಿಲ್ಲ. ಮದುವೆಯಾಗದವಳು, ಗಂಡ ಬಿಟ್ಟವಳು, ಗಂಡನಿಂದ ಬೇರೆಯಾದವಳು, ವಿಧವೆ ಇವರಿಗೆ ಮಾತ್ರ ಅದು ಸಲ್ಲುತ್ತಿತ್ತು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯೇ ಕಲಮಾಗಿ ಅಚ್ಚಾದಂತಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದು 23ನೆಯ ಕಲಮನ್ನೂ ಅಳಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಮುಸ್ಲಿಂ ಕುಟುಂಬಗಳಲ್ಲಿ ಶರೀಯತ್ತಿನ ಪ್ರಕಾರ ಮಗನ ಪಾಲಿನ ಅರ್ಧ ಮಗಳಿಗೆ ಮೊದಲಿನಿಂದಲೂ ಸಲ್ಲಬೇಕು. ಅಲ್ಲಿಯೂ ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ರೂಢಿ ಅಪರೂಪವಲ್ಲ.

ಹಾಗಾದರೆ ಆಸರೆ ಕೊಡುವುದು ಹೇಗೆ? ಈ ನೆಲದ ಹಳೆಯ ಪರಂಪರೆಗಳು ಇದರ ಬಗೆಗೆ ಯೋಚಿಸದೆ ಇಲ್ಲ. ಕಮಠಾಣದಲ್ಲಿ ಪಾರ್ಶ್ವನಾಥ ಬಸದಿಯಿದೆ. ಜೈನಧರ್ಮ ಹೇಳುವ ದಾನಗಳು ನಾಲ್ಕು: ಆಹಾರ, ಅಭಯ, ಔಷಧ, ಶಾಸ್ತ್ರ. ಕನ್ನಡ ನಾಡಿನ ಶಾಸನಗಳಲ್ಲಿ ಈ ನಾಲ್ಕು ಜೊತೆಯಾಗಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಕಠಿಣವಾದದ್ದು ಅಭಯ. ಅನ್ನವನ್ನು ಬಾಗಿಲ ಹೊರಗೆ ನಿಲ್ಲಿಸಿಯೂ ಬಡಿಸಬಹುದು. ಅಭಯವನ್ನು ಒಳಗೆ ಕರೆಯದೆ ಕೊಡಲಾಗುವುದಿಲ್ಲ. ನಾಳೆ ಏನೋ ಎಂಬ ಭಯ ಉಳಿದಿರುವ ತನಕ ಛಾವಣಿಯಿದ್ದರೂ ಅದು ಅಭಯವಲ್ಲ.

ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದಾನವೆಂಬ ಮಾತನ್ನೇ ಬದಿಗಿಟ್ಟು ದಾಸೋಹ ಎಂದರು. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಬಸವಣ್ಣನವರ ಅಕ್ಕ ನಾಗಮ್ಮ ಮಗ ಚೆನ್ನಬಸವಣ್ಣನೊಂದಿಗೆ ತಮ್ಮನ ಮಹಾಮನೆಯಲ್ಲಿದ್ದರು ಎಂದು ಶರಣ ಪರಂಪರೆ ಹೇಳುತ್ತದೆ. ಅಕ್ಕ ನಾಗಮ್ಮ ಅಲ್ಲಿ ಮೂಲೆಗೆ ಸರಿದವಳಲ್ಲ. ಆಕೆಯ ವಚನಗಳು ಇಂದಿಗೂ ಉಳಿದಿವೆ. ಮಗನೋ ಅನುಭವ ಮಂಟಪದ ಹಿರಿಯರ ಸಾಲಿಗೆ ಸೇರಿದ. ತಮ್ಮನ ಮನೆಯಲ್ಲಿ ಅಕ್ಕನೂ ಅವಳ ಮಗನೂ ತಲೆಯೆತ್ತಿ ಇರಬಹುದೆಂಬ ಚಿತ್ರವೊಂದು ಈ ಸೀಮೆಯ ನೆನಪಿನಲ್ಲಿದೆ ಎಂಬುದು ಸಣ್ಣ ಮಾತಲ್ಲ.

ಇತ್ತೀಚಿನ ಕಹಿ ನೆನಪೂ ಇದೆ. 1948ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಈ ಭಾಗದ ಅನೇಕ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು. ಆ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಹಿಂಸೆ ನಡೆದು, ಗಂಡಸರನ್ನು ಕಳೆದುಕೊಂಡ ಮನೆಗಳ ತಾಯಂದಿರು ದಿಕ್ಕೆಟ್ಟರು. ಪಂಡಿತ ಸುಂದರಲಾಲ್ ಸಮಿತಿಯ ವರದಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನು ಸೇರಿಸಿದೆ. ನೆರೆಯವರು ನೆರೆಯವರನ್ನು ಕಾಪಾಡಿದ ಪ್ರಸಂಗಗಳನ್ನೂ ಅದೇ ವರದಿ ದಾಖಲಿಸಿದೆ. ಸರಕಾರದ ನೆರವು ತಲುಪುವ ಮೊದಲು ತಲುಪಬಲ್ಲದ್ದು ಪಕ್ಕದ ಮನೆಯ ಬಾಗಿಲು ಮಾತ್ರ.

ಸ್ವಂತ ಮನೆಯನ್ನೇ ಇದಕ್ಕಾಗಿ ತೆರೆದ ನಿದರ್ಶನವೂ ದೂರದ್ದಲ್ಲ. 1863ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ತಮ್ಮ ಮನೆಯಲ್ಲಿಯೇ ಬಸುರಿಯಾದ ವಿಧವೆಯರಿಗೆ ಆಸರೆ ಕೊಟ್ಟರು. ಹೆತ್ತ ಕೂಸನ್ನು ಕೊಂದು ಹೆಂಗಸೊಬ್ಬಳು ಕರಿನೀರಿನ ಶಿಕ್ಷೆಗೆ ಗುರಿಯಾದ ಪ್ರಕರಣ ಅವರನ್ನು ಕಲಕಿತ್ತು. ಬಂದವಳು ಹೆರಿಗೆಯಾದ ಮೇಲೆ ಕೂಸನ್ನು ಕರೆದೊಯ್ಯಬಹುದು, ಇಲ್ಲವೇ ಅಲ್ಲಿಯೇ ಬಿಡಬಹುದು, ನಿರ್ಧಾರ ಅವಳದೇ. ಅಂಥ ಒಂದು ಮಗುವನ್ನು ದಂಪತಿ ದತ್ತು ಪಡೆದು ಯಶವಂತ ಎಂದು ಹೆಸರಿಟ್ಟು ವೈದ್ಯನನ್ನಾಗಿ ಬೆಳೆಸಿದರು.

ಇನ್ನೊಬ್ಬಳು ಕನ್ನಡ ನಾಡಿನಲ್ಲಿಯೇ ಹುಟ್ಟಿದವಳು. ಪಂಡಿತಾ ರಮಾಬಾಯಿ 1858ರಲ್ಲಿ ಕಾರ್ಕಳದ ಬಳಿಯ ಗಂಗಾಮೂಲದಲ್ಲಿ ಜನಿಸಿದರು. 1882ರಲ್ಲಿ ವಿಧವೆಯಾದಾಗ ಅವರ ಮಡಿಲಲ್ಲಿ ಮನೋರಮಾ ಎಂಬ ಎಳೆಯ ಮಗಳಿದ್ದಳು. ತಂದೆತಾಯಿಯರು ಅದಕ್ಕೂ ಮೊದಲೇ ಬರಗಾಲದಲ್ಲಿ ತೀರಿಹೋಗಿದ್ದರಿಂದ ಸೇರಲು ತವರಿರಲಿಲ್ಲ. ಅದೇ ಹೆಣ್ಣು 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮುಂದಿನ ವರ್ಷ ಅದು ಪುಣೆಗೆ ಹೋಯಿತು. ಸದನದಲ್ಲಿ ವಿಧವೆಯರಿಗೆ ಊಟ, ವಸತಿಯಷ್ಟೇ ಅಲ್ಲ, ಓದು ಕೂಡ ಇತ್ತು. ಆಸರೆ ಬಿಟ್ಟು ಹೊರಡುವ ದಿನಕ್ಕೆ ಕೈಯಲ್ಲೊಂದು ವಿದ್ಯೆ ಇರಬೇಕೆಂಬುದು ಅವರ ಹಟ. ತವರಿನವರು ತುಂಬುವ ಉಡಿಯನ್ನು ಅವರು ಅಕ್ಷರದಿಂದ ತುಂಬಿದರು ಎನ್ನಬೇಕು.

ಇಂದಿನ ಸರಕಾರಿ ವ್ಯವಸ್ಥೆಯನ್ನು ಕಡೆಗಣಿಸುವಂತಿಲ್ಲ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆ, ಹೆಂಡತಿ ಬಾಳಿದ ಮನೆಯಲ್ಲಿ ಅವಳಿಗೆ ವಾಸದ ಹಕ್ಕು ಕೊಟ್ಟಿದೆ. ಅವಳನ್ನು ಹೊರಹಾಕದಂತೆ, ಅಥವಾ ಅವಳಿಗೆ ಬೇರೆ ಮನೆಯ ಬಾಡಿಗೆ ಕೊಡುವಂತೆ ಗಂಡನಿಗೆ ನ್ಯಾಯಾಲಯ ಆದೇಶಿಸಬಹುದು. ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯ ಹಕ್ಕು ಹೋಗುವುದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. 181 ಎಂಬ ಸಹಾಯವಾಣಿಯಿದೆ. 2015ರಲ್ಲಿ ಆರಂಭವಾದ 'ಸಖಿ' ಕೇಂದ್ರಗಳಿವೆ. ದೀರ್ಘಕಾಲದ ವಸತಿಗೆ ಹಿಂದೆ ಸ್ವಾಧಾರ ಗೃಹಗಳಿದ್ದವು. 2022ರಿಂದ ಅವು 'ಶಕ್ತಿ ಸದನ'ಗಳಾಗಿವೆ.

ಆದರೆ ಒಬ್ಬ ತಾಯಿ ಈ ಬಾಗಿಲುಗಳನ್ನು ತಟ್ಟುತ್ತ ಹೋದರೆ ಏನಾಗುತ್ತದೆ ನೋಡಿ. ಸಖಿ ಕೇಂದ್ರದಲ್ಲಿ ತಾತ್ಕಾಲಿಕ ವಸತಿ ಹೆಚ್ಚೆಂದರೆ 5 ದಿನ. ಸ್ವಾಧಾರ ಗೃಹದ ನಿಯಮದಂತೆ ತಾಯಿಯೊಂದಿಗೆ ಇರಬಹುದಾದ ಗಂಡುಮಗುವಿಗೆ 8 ವರ್ಷದ ಮಿತಿಯಿತ್ತು. ಶಕ್ತಿ ಸದನದಲ್ಲಿ ಅದು 12 ವರ್ಷ. ಹದಿಮೂರರ ಮಗನಿರುವ ತಾಯಿ ಮಗನನ್ನು ಬಾಲಕರ ನಿಲಯಕ್ಕೆ ಬಿಟ್ಟು ಒಳಗೆ ಹೋಗಬೇಕು. ಇತರ ಹೆಂಗಸರ ರಕ್ಷಣೆಗೆ ಅಂಥ ನಿಯಮ ಬೇಕಾದೀತು. ಆದರೂ ಮನೆ ಕಳೆದುಕೊಂಡ ವಾರದಲ್ಲಿಯೇ ಮಗನನ್ನೂ ಕಳೆದುಕೊಳ್ಳುವುದೆಂದರೆ ಯಾವ ತಾಯಿ ಒಪ್ಪುತ್ತಾಳೆ? ಅನೇಕರು ಹೊಡೆಯುವ ಮನೆಗೇ ಮರಳುವುದು ಇದರಿಂದ. ತಾಯಿಯಿಲ್ಲದ ಕೂಸಿಗೆ ಈ ನಾಡಿನಲ್ಲಿ ಜಾಗವಿದೆ, ಒಂಟಿ ಹೆಣ್ಣಿಗೂ ಜಾಗವಿದೆ. ತಾಯಿ ಮಕ್ಕಳು ಒಟ್ಟಾಗಿ ಬಂದರೆ ಮಾತ್ರ ಜಾಗ ಇಕ್ಕಟ್ಟಾಗುತ್ತದೆ.

ಐದು ದಿನದ ವಸತಿಗೂ ವರ್ಷಗಟ್ಟಲೆಯ ಆಶ್ರಮಕ್ಕೂ ನಡುವೆ ಕೆಲವು ತಿಂಗಳುಗಳಿವೆ. ನ್ಯಾಯಾಲಯದ ಆದೇಶ ಬರಬೇಕು, ಕೆಲಸ ಸಿಗಬೇಕು, ಮುಂಗಡ ಕೂಡಿಸಿ ಬಾಡಿಗೆಗೆ ಒಂದು ಕೋಣೆ ಹಿಡಿಯಬೇಕು. ಆಸರೆ ಮನೆಯ ಜಾಗ ಅದು. ಬ್ರಿಟನ್ 2022ರ ಮಾರ್ಚ್‌ನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿತು. ಯುದ್ಧಕ್ಕೆ ಸಿಕ್ಕ ಉಕ್ರೇನಿನಿಂದ 18ರಿಂದ 60 ವಯಸ್ಸಿನ ಗಂಡಸರು ಹೊರಹೋಗುವಂತಿರಲಿಲ್ಲ. ಹೀಗಾಗಿ ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಸಾಮಾನ್ಯ ಕುಟುಂಬಗಳು ತಮ್ಮ ಮನೆಯಲ್ಲಿ ಕನಿಷ್ಠ 6 ತಿಂಗಳು ಇರಗೊಡಲು ಮುಂದೆ ಬಂದವು. ಸ್ಥಳೀಯ ಆಡಳಿತ ಆ ಮನೆಗಳನ್ನೂ ಮನೆಯವರ ಹಿನ್ನೆಲೆಯನ್ನೂ ಪರೀಕ್ಷಿಸಿತು. ಬಂದವರಿಂದ ಬಾಡಿಗೆ ಪಡೆಯುವಂತಿರಲಿಲ್ಲ. ಸರಕಾರವೇ ಮನೆಯವರಿಗೆ ತಿಂಗಳಿಗೆ 350 ಪೌಂಡ್ ಕೊಟ್ಟಿತು. ಯೋಜನೆಯ ಕೊರತೆ ಕಂಡದ್ದು ಅವಧಿ ಮುಗಿದ ಮೇಲೆ. ಬೇರೆ ಮನೆ ಸಿಗದೆ ಎಷ್ಟೋ ಕುಟುಂಬಗಳು ಮತ್ತೆ ಆಡಳಿತದ ಬಾಗಿಲಿಗೆ ಬರಬೇಕಾಯಿತು. ಆಸರೆ ಮನೆ ಸೇತುವೆಯಿದ್ದಂತೆ. ಆಚೆ ದಡವನ್ನು ಕಟ್ಟದೆ ಸೇತುವೆ ಮಾತ್ರ ಕಟ್ಟಿದರೆ ಸಾಲದು.

ಕಮಠಾಣದಂಥ ಊರಿನಲ್ಲಿ ಇದು ಸಾಧ್ಯವೇ? ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿ, ಮುದುಕರಿಬ್ಬರೇ ಉಳಿದ ಮನೆಗಳು ಇಂದು ಪ್ರತಿ ಊರಿನಲ್ಲಿಯೂ ಇವೆ. ಕೋಣೆಗಳಿಗೆ ಬರವಿಲ್ಲ. ಬೇಕಾದದ್ದು ಕ್ರಮ. ತವರಿನ ಆ ನಾಲ್ಕು ಅಂಶಗಳನ್ನೇ ಇಲ್ಲಿಗೆ ತರಬಹುದು.

ಮೊದಲನೆಯದು ಅವಧಿ. ಮೂರು ತಿಂಗಳೋ ಆರು ತಿಂಗಳೋ ಎಂಬುದು ಕಾಗದದ ಮೇಲಿರಬೇಕು. "ಇರಲು ಬಂದವಳು ಮನೆಯನ್ನೇ ಹಿಡಿದುಕೊಂಡರೆ?" ಎಂಬ ಮನೆಯವರ ಅಂಜಿಕೆಗೂ, "ನಾಳೆ ಹೊರಡು ಎಂದರೆ?" ಎಂಬ ಅವಳ ಅಂಜಿಕೆಗೂ ಆ ಒಂದು ಕಾಗದ ಉತ್ತರ. ಬಾಡಿಗೆಯೇ ಬೇರೆ, ಇರಲು ಕೊಟ್ಟ ಅನುಮತಿಯೇ ಬೇರೆ ಎಂಬ ಭೇದವನ್ನು ಕಾನೂನು ಒಪ್ಪುತ್ತದೆ. ಎರಡನೆಯದು ಜಾಗ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಅವಳದೇ ಒಂದು ಒಲೆ. ಇಲ್ಲಿ ಜಾತಿಯ ಮಾತನ್ನು ಮುಚ್ಚಿಡಬಾರದು. ಕೋಣೆ ಕೊಡುವವರು ನೀರಿನ ಕೊಡ ಮುಟ್ಟಗೊಡುತ್ತಾರೆಯೇ ಎಂಬುದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು. ಮುಟ್ಟಗೊಡದ ಮನೆ ಎಷ್ಟು ದೊಡ್ಡದಿದ್ದರೂ ಆಸರೆ ಮನೆಯಾಗದು. ಮೂರನೆಯದು ದುಡಿಮೆ. ಇರಲು ಕೊಟ್ಟದ್ದಕ್ಕೆ ಬದಲಾಗಿ ಮುಸುರೆ ತಿಕ್ಕಿಸುವಂತಿಲ್ಲ. ಮನೆಯವರಿಗೆ ಖರ್ಚಾಗುತ್ತದೆ ಎಂಬುದು ನಿಜ. ಅದನ್ನು ಊರೋ, ಸಂಘವೋ, ಸರಕಾರವೋ ತುಂಬಿಕೊಡಬೇಕು, ಆ ತಾಯಿಯ ರಟ್ಟೆಯಲ್ಲ. ಮನೆಯವರು ಎಂಥವರೆಂದು ಮೊದಲೇ ವಿಚಾರಿಸುವುದು, ವಾರಕ್ಕೊಮ್ಮೆ ಹೊರಗಿನ ಹೆಣ್ಣುಮಗಳೊಬ್ಬಳು ಬಂದು ಅವಳೊಂದಿಗೆ ಪ್ರತ್ಯೇಕವಾಗಿ ಮಾತಾಡುವುದು ಇದರ ಜೊತೆಗೇ ಬರಬೇಕು.

ನಾಲ್ಕನೆಯದು ಉಡಿ. ಹೊರಡುವಾಗ ಅವಳ ಕೈಯಲ್ಲಿ ಏನಿರಬೇಕು? ಅವಳ ಹೆಸರು ಅತ್ತೆಯ ರೇಷನ್ ಕಾರ್ಡಿನಲ್ಲಿ ಉಳಿದಿರುತ್ತದೆ. ಅವಳಿಗೆ ಬೇರೆ ಕಾರ್ಡು ಬೇಕು, ಬ್ಯಾಂಕಿನಲ್ಲಿ ಅವಳದೇ ಖಾತೆ ಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಮಕ್ಕಳನ್ನು ಶಾಲೆಗೆ ಸೇರಿಸದಿರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಯಾರಾದರೂ ಅವಳೊಂದಿಗೆ ಶಾಲೆಗೆ ಹೋಗಿ ಅದನ್ನು ಹೇಳಬೇಕು. ಸರಕಾರಿ ಮನೆಯ ಪಟ್ಟಿಗೆ ಅವಳ ಅರ್ಜಿ ಹೋಗಬೇಕು. ತಂದೆಯ ಮನೆಯಲ್ಲಿ ಅವಳ ಪಾಲು ಇನ್ನೂ ಉಳಿದಿದ್ದರೆ, ಸಹಿ ಮಾಡುವ ಮೊದಲು ಓದಿ ಹೇಳುವವರೊಬ್ಬರು ಬೇಕು.

ಈ ಕೊನೆಯ ಮಾತನ್ನು ಅಣ್ಣತಮ್ಮಂದಿರು ಕೋಪವಿಲ್ಲದೆ ಕೇಳಿಸಿಕೊಳ್ಳಬೇಕು. ತಂಗಿಗೆ ಪಾಲು ಕೊಟ್ಟರೆ ತವರು ಹಾಳಾಗುವುದಿಲ್ಲ. ಒಂದು ಖಣ ಮನೆ, ಒಂದಿಷ್ಟು ನೆಲ ಅವಳ ಹೆಸರಿನಲ್ಲಿದ್ದರೆ ಕಷ್ಟಕಾಲದಲ್ಲಿ ಅವಳು ಅತ್ತಿಗೆಯ ಅಡುಗೆಮನೆಯ ಮೂಲೆಗೆ ಬರಬೇಕಾಗಿಲ್ಲ. ಪಂಚಮಿಗೆ ಬಂದಾಗ ಅಣ್ಣನ ಮುಖ ನೋಡುವುದಕ್ಕೆಂದೇ ಬಂದಿರುತ್ತಾಳೆ. ಆಸರೆ ಮನೆಗಳು ಬೇಕು, ಬೇಗ ಬೇಕು. ಆದರೆ ಹೆಣ್ಣುಮಕ್ಕಳ ಹೆಸರಿನಲ್ಲಿ ಮನೆಗಳು ಹೆಚ್ಚಿದಷ್ಟೂ ಅವುಗಳ ಅಗತ್ಯ ಕಡಿಮೆಯಾಗುತ್ತದೆ.

ಅಲ್ಲಿಯವರೆಗೆ ಬಸ್ಸುಗಳು ಬರುತ್ತಿರುತ್ತವೆ, ಮಕ್ಕಳೊಂದಿಗೆ ತಾಯಂದಿರು ಇಳಿಯುತ್ತಿರುತ್ತಾರೆ. ಕಟ್ಟೆಯ ಮೇಲಿನವರು ಕೇಳುವುದನ್ನು ಬಿಡಲಾರರು, ಬಿಡಬೇಕಾಗಿಯೂ ಇಲ್ಲ. "ಎಷ್ಟು ದಿನ ಇರ್ತಿ?" ಎಂದಾಗ ಅವಳು ತಲೆ ತಗ್ಗಿಸದೆ, "ಆರು ತಿಂಗಳು ಇರ್ತೀನ್ರಿ, ಆಮ್ಯಾಲೆ ನನ್ನ ಮನಿಗಿ ಹೋಗ್ತೀನಿ" ಎನ್ನುವಂತಾದರೆ ಸಾಕು. ಆ ಉತ್ತರವನ್ನು ಅವಳ ಬಾಯಿಗೆ ತರುವ ಕೆಲಸ ಊರಿನದು.